ಮಾಳಿಂಗರಾಯನ ಓಟದ ಗಾಲಿಗಳು

ಎತ್ತಿನ ಗೊರಸು ನೋಡಿ ನೋಡಿ ಕಣ್ಣು ಪಳಗಿದ ಮನುಷ್ಯ ಪಕ್ಕದ ಮನೆಯಲ್ಲಿ ಇರಬಾರದು. ಇದ್ದರೂ ಆತ ಮುಂಜಾನೆ ಹೊತ್ತಿನಲ್ಲಿ ಹೊರಗೆ ಬರಬಾರದು. ಶಿರೂರಿನ ಈರಪ್ಪ ಕಾಕಾ ದನದ ಸಂತೆಯ ದಲ್ಲಾಳಿ. ಅವತ್ತು ಬೇವಿನ ಕಡ್ಡಿ ಜಗಿಯುತ್ತ ಹೊರಗೆ ಬಂದವನು ಪಕ್ಕದ ಮನೆಯ ಮಾಳಿಂಗರಾಯನ ಕೆಂಪು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಂದಿನ ಗಾಲಿಯ ಮೇಲೆ ಒಮ್ಮೆ ಅಂಗೈ ಆಡಿಸಿದ. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

"ಮಾಳಿಂಗ್ಯಾ, ಇದರ ಮ್ಯಾಲ ಒಂದು ಗೆರಿ ಉಳಿದಿಲ್ಲಲೇ! ನಮ್ಮಪ್ಪನ ಬೋಳ ತಲಿ ಇದಕಿಂತ ವಾಸಿ ಇತ್ತು. ಇಂಥಾದರ ಮ್ಯಾಲ ಬಸರಿ ಹೆಂಗಸನ್ನ ಕುಂಡ್ರಿಸ್ಕೊಂಡು ಬಾದಾಮಿಗೆ ಹೊಂಟೀಯೇನು?"

ಮಾಳಿಂಗರಾಯ ಹೊರಗೆ ಓಡಿ ಬಂದ. ಟೈರು ಸವೆದದ್ದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ, ಹೆಂಡತಿಗೆ ಗೊತ್ತಿರಲಿಲ್ಲ. ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಜಯಶ್ರೀ ಹಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಏಳು ತಿಂಗಳ ಹೊಟ್ಟೆಯಲ್ಲಿ ಎಷ್ಟು ಬಗ್ಗಲು ಆಗುತ್ತದೋ ಅಷ್ಟು ಬಗ್ಗಿ ನೋಡಿದಳು.

"ಈ ಗಾಲಿ ಮ್ಯಾಲ ನಾ ಹತ್ತಂಗಿಲ್ರಿ. ಅಮಸಿದ್ದಗ ಫೋನ್ ಮಾಡ್ತೇನಿ, ಟೆಂಪೊ ತರ್ತಾನ."

ಅಮಸಿದ್ದ ಎಂದರೆ ಅವಳ ತಮ್ಮ ಅಮಸಿದ್ದಪ್ಪ. ಅವನದು ಈರುಳ್ಳಿ ಹೇರುವ ಟೆಂಪೊ. ಸಂಜೆ ಬಾದಾಮಿಯ ತವರುಮನೆಯಲ್ಲಿ ಜಯಶ್ರೀಯ ಕುಬಸ, ಅಂದರೆ ಸೀಮಂತ, ಇತ್ತು. ಚೊಚ್ಚಲ ಬಸುರಿ, ಮಡಿಲು ತುಂಬಿಸಿಕೊಂಡ ಮೇಲೆ ಬಾಣಂತನ ಮುಗಿಯುವವರೆಗೂ ಅಲ್ಲೇ ಇರುವವಳು. ಸ್ವಂತ ಕಾರಿನ ಅಳಿಯ ಮನೆಯಲ್ಲಿರುವಾಗ ಹೆಂಡತಿ ಈರುಳ್ಳಿ ಟೆಂಪೊದಲ್ಲಿ ತವರಿಗೆ ಹೋದರೆ ಆ ಮುಖ ಎತ್ತಿಕೊಂಡು ಎಲ್ಲಿಗೆ ಹೋಗುವುದು?

ಮಾಳಿಂಗರಾಯನಿಗೆ ಮುಖಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಹೆಂಡತಿಯನ್ನು ಬಿಟ್ಟು ಅಷ್ಟು ತಿಂಗಳು ಇರುವುದು ಅವನ ಕೈಲಿ ಆಗದ ಮಾತು. ಬಾಯಿ ಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಒಂದು ಹಂಚಿಕೆ ಹಾಕಿದ್ದ. ಬಾಗಲಕೋಟೆಯ ಖಾಸಗಿ ಕಾಲೇಜಿನಲ್ಲಿ ಅವನಿಗೆ ಗುಮಾಸ್ತನ ಕೆಲಸ. ಅದು ಮುಗಿದ ಕೂಡಲೇ ದಿನಾ ಸಂಜೆ ಕಾರು ಹತ್ತಿ ಸೀದಾ ಬಾದಾಮಿಗೆ ಹೋಗುವುದು, ಅವಳ ಮುಖ ನೋಡಿ, ಒಂದು ರೊಟ್ಟಿ ತಿಂದು ಶಿರೂರಿಗೆ ವಾಪಸಾಗುವುದು. ಈ ಹಂಚಿಕೆ ನಿಂತದ್ದು ಕಾರಿನ ಮೇಲೆ. ಕಾರು ನಿಂತದ್ದು ಆ ನಾಲ್ಕು ಬೋಳು ಟೈರುಗಳ ಮೇಲೆ.

"ಫೋನ್ ಇಡ. ಈಗ ಬಾಗಲಕೋಟಿಗೆ ಹೋಗಿ ನಾಕೂ ಹೊಸಾವು ಹಾಕಿಸ್ಕೊಂಡು ಬರ್ತೇನಿ. ಊಟದ ಹೊತ್ತಿಗೆ ಇಲ್ಲಿರ್ತೇನಿ."

"ಮೆತ್ತಗಿನಾವು ಹಾಕಿಸ್ರಿ. ಕುಲುಕಾಡಬಾರದು ಅಂತ ಡಾಕ್ಟ್ರಬಾಯಿ ಹೇಳ್ಯಾರ, ನೆನಪೈತಿಲ್ಲೊ? ಮೊದಲಿನಂಥಾವು ಮಾತ್ರ ಬ್ಯಾಡ."

ಮೊದಲಿನಂಥವು ಎಂದರೆ ಓಟದ ಟೈರುಗಳು. ಈ ಕಾರನ್ನು ಹುಬ್ಬಳ್ಳಿಯ ಒಬ್ಬ ಶೋಕಿ ಹುಡುಗನಿಂದ ಮಾಳಿಂಗರಾಯ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ. ಆ ಹುಡುಗ ಕಂಪನಿಯ ಟೈರು ಕಿತ್ತೊಗೆದು, ಅಗಲವಾದ, ಗಿಡ್ಡ ಗೋಡೆಯ, ನೆಲಕ್ಕೆ ಅಂಟಿಕೊಂಡು ಓಡುವಂಥವನ್ನು ಹಾಕಿಸಿದ್ದ. ಕಾರು ನಿಂತಲ್ಲೇ ಓಡಿದ ಹಾಗೆ ಕಾಣುತ್ತಿತ್ತು. ಮಾಳಿಂಗರಾಯ ಅದನ್ನು ಕೊಂಡದ್ದೇ ಗಾಲಿ ನೋಡಿ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಂಡರೂ ಮಾತು ನಿಜ.

ಕಾರಿನ ಬಾಗಿಲು ತೆಗೆದರೆ ಈರಪ್ಪ ಕಾಕಾ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ. ಹೆಗಲ ಮೇಲೆ ಟವೆಲ್ಲು, ತಲೆಗೆ ಪಟಗಾ.

"ನೀವೆಲ್ಲಿಗೆ ಹೊಂಟ್ರಿ ಕಾಕಾ?"

"ನಿನ್ನ ಒಬ್ಬನ್ನ ಕಳಿಸಿದ್ರ ಅಂಗಡ್ಯಾವ ಅಂಗಿ ಬಿಚ್ಚಿಸಿ ಕಳಿಸ್ತಾನ. ವ್ಯಾಪಾರ ನಾ ಮಾಡ್ತೇನಿ, ನೀ ಸುಮ್ನ ನಿಂದ್ರು."

ಬಾಗಲಕೋಟೆಯಲ್ಲಿ ಅಫ್ಸರನ ಟೈರಿನ ಅಂಗಡಿ. ಅಫ್ಸರ ನಗುಮುಖದ ಮನುಷ್ಯ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ಹೇಳಿ, ಆಮೇಲೆ ಮಾತಿಗೆ ಇಳಿಯುವವನು.

"ಕಾರ್ ದಿನಾ ಎಲ್ಲಿಂದೆಲ್ಲಿಗೆ ಓಡತೈತ್ರಿ?"

"ಶಿರೂರಿಂದ ಇಲ್ಲಿಗೆ. ಇಲ್ಲಿಂದ ಬಾದಾಮಿಗೆ. ಬಾದಾಮಿಯಿಂದ ಮನಿಗೆ."

"ದಿನಾ ಬಾದಾಮಿಗ್ಯಾಕಲೇ?" ಎಂದು ಈರಪ್ಪ ಕಾಕಾ ನಡುವೆ ಬಾಯಿ ಹಾಕಿದ. ಮಾಳಿಂಗರಾಯನ ಕಿವಿ ಕೆಂಪಗಾದವು. ಚಹಾ ಬಿಸಿ ಇದೆ ಎಂದು ಊದತೊಡಗಿದ.

ಅಫ್ಸರ ಎರಡು ಟೈರು ಉರುಳಿಸಿಕೊಂಡು ಬಂದು ಎದುರಿಗೆ ನಿಲ್ಲಿಸಿದ. ಒಂದು ಸಾದಾ, ದಪ್ಪ ಗೋಡೆಯದು. ಇನ್ನೊಂದು ಓಟದ್ದು, ಮೈಮೇಲೆ ಬಾಣದ ತುದಿಯಂಥ ಗೆರೆಗಳು.

"ಇದು ಮೆತ್ತಗ ಓಡತೈತಿ, ಸಪ್ಪಳಾ ಕಡಿಮಿ, ಭಾಳ ದಿನಾ ಬಾಳತೈತಿ. ಇದು ನೋಡ್ರಿ, ನೆಲಾ ಹಿಡಿತೈತಿ. ತಿರುವಿನ್ಯಾಗ ಬಿಡಂಗಿಲ್ಲ, ಬ್ರೇಕ್ ಹಾಕಿದಲ್ಲೇ ನಿಂದರತೈತಿ. ಆದ್ರ ಲಗೂ ಸವೀತೈತಿ, ತೆಗ್ಗಿಗೆ ಬಿದ್ರ ಏಟು ಸೀದಾ ಸೊಂಟಕ್ಕ ಬರತೈತಿ. ದಿನದ ಓಡಾಟಕ್ಕ ನಾ ಹೇಳೂದು ಸಾದಾನ."

ಈರಪ್ಪ ಕಾಕಾ ಎದ್ದ. ಎರಡಕ್ಕೂ ಸುತ್ತು ಹಾಕಿದ. ಬೆನ್ನು ತಟ್ಟಿದ, ಮೂಸಿ ನೋಡಿದ, ಗೋಡೆ ಒತ್ತಿ ನೋಡಿದ. ಹಲ್ಲು ಎಣಿಸಲು ಬಾಯಿಯೊಂದು ಸಿಗಲಿಲ್ಲ, ಅಷ್ಟೇ.

"ಅದು ಗಾಣದ ಎತ್ತು. ಇದು ಓಡೂ ಖಿಲಾರಿ ಹೋರಿ," ಎಂದು ತೀರ್ಪು ಕೊಟ್ಟ.

ಮಾಳಿಂಗರಾಯನ ಕೈ ತನ್ನಷ್ಟಕ್ಕೆ ತಾನೇ ಹೋರಿಯ ಬೆನ್ನ ಮೇಲೆ ಹೋಗಿತ್ತು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದು ತಲೆ ತಿರುಗಿದ ಹಾಗಾಯಿತು. ಮೆತ್ತಗಿನಾವು ಹಾಕಿಸ್ರಿ ಎಂದ ಹೆಂಡತಿಯ ದನಿ ಕಿವಿಯಲ್ಲಿ ಇತ್ತು. ಅದಕ್ಕಿಂತ ಗಟ್ಟಿಯಾಗಿ ಕಿಸೆಯ ದನಿ ಇತ್ತು. ಓಟದ ಟೈರಿನ ಕಿಮ್ಮತ್ತು ಏನೆಂದು ಅವನಿಗೆ ಮೊದಲೇ ಗೊತ್ತು. ಕೈ ಹಿಂದಕ್ಕೆ ತೆಗೆದು, ಸಾದಾ ಟೈರನ್ನು ನೋಡಿ ನಿಟ್ಟುಸಿರು ಬಿಟ್ಟ.

ಈರಪ್ಪ ಕಾಕಾನಿಗೆ ಆ ನಿಟ್ಟುಸಿರು ಸಾಕಾಯಿತು. "ಹೋರಿ ಮ್ಯಾಲ ಮನಸೈತಿ ಹುಡುಗಂದು," ಎಂದವನೇ ಹೆಗಲ ಟವೆಲ್ಲು ತೆಗೆದು ಅಫ್ಸರನ ಮುಂಗೈ ಮೇಲೆ ಹಾಸಿದ. ದನದ ಸಂತೆಯಲ್ಲಿ ಬಾಯಿಯಿಂದ ದರ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಒತ್ತಬೇಕು. ಎಷ್ಟು ಬೆರಳು, ಎಷ್ಟು ಒತ್ತು ಎನ್ನುವುದರಲ್ಲೇ ದರ ತಿಳಿಯಬೇಕು. ಸುತ್ತ ನಿಂತವರಿಗೆ ಸುಳಿವೂ ಹತ್ತುವುದಿಲ್ಲ. ಟೈರಿನ ಅಂಗಡಿಯಲ್ಲಿ ಈ ವಿದ್ಯೆ ನಡೆಯಲಿಕ್ಕಿಲ್ಲ ಎಂದು ಮಾಳಿಂಗರಾಯ ನಗಲು ಹೊರಟ. ಆದರೆ ಅಫ್ಸರನ ಅಪ್ಪನೂ ಹಿಂದೆ ಕುರಿ ವ್ಯಾಪಾರ ಮಾಡಿದವನು. ಅಫ್ಸರ ನಕ್ಕು ಟವೆಲ್ಲಿನ ಕೆಳಗೆ ಕೈ ಕೊಟ್ಟೇಬಿಟ್ಟ.

ಟವೆಲ್ಲು ಕುಣಿಯಿತು. ಅಫ್ಸರ ತಲೆ ಅಲ್ಲಾಡಿಸಿದ. ಕಾಕಾ ಹುಬ್ಬು ಹಾರಿಸಿದ. ಅಫ್ಸರ "ಇಲ್ಲ ಕಾಕಾ, ಪೂರಾ ಮುಳುಗ್ತೇನಿ" ಎಂದ. ಕಾಕಾ ಹಲ್ಲು ಕಚ್ಚಿ ಒತ್ತಿದ. ಕೊನೆಗೆ ಇಬ್ಬರೂ ಕೈ ಕುಲುಕಿದರು. ಕಾಕಾ ಬಂದು ಮಾಳಿಂಗರಾಯನ ಕಿವಿಯಲ್ಲಿ ನಾಲ್ಕಕ್ಕೂ ಸೇರಿದ ದರ ಉಸುರಿದ.

ಮಾಳಿಂಗರಾಯ ಬಾಯಿ ತೆರೆದವನು ಮುಚ್ಚುವುದನ್ನು ಮರೆತ. ಸಾದಾ ಟೈರಿಗಿಂತಲೂ ಕಡಿಮೆ! ಹೆಂಡತಿಯ ಮಾತು ಗಂಟಲವರೆಗೆ ಬಂದಿತ್ತು, ಗುಟುಕು ಚಹಾದ ಜೊತೆ ನುಂಗಿದ. ನೆಲ ಹಿಡಿಯುವ ಟೈರು ಎಂದರೆ ಸುರಕ್ಷೆ, ಸುರಕ್ಷೆ ಎಂದರೆ ಜಯಶ್ರೀಯದೇ ಅಲ್ಲವೇ? ಮನಸ್ಸು ತನಗೆ ಬೇಕಾದದ್ದಕ್ಕೆ ಕಾರಣ ಹುಡುಕುವುದರಲ್ಲಿ ಭಾರಿ ಚುರುಕು.

"ಹಾಕ್ರಿ! ನಾಕೂ ಹಾಕ್ರಿ!"

ಹಾಕಿದರು. ಗಾಲಿಗೆ ಕುಂಕುಮ ಹಚ್ಚಿ, ನಾಲ್ಕರ ಕೆಳಗೂ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕಾರನ್ನು ಮುಂದೆ ಸರಿಸಿದರು. ಹಣ್ಣುಗಳು ಪಿಚಕ್ಕೆಂದು ಒಡೆದವು. ಅಫ್ಸರ ಕೈ ಒರೆಸಿಕೊಂಡು ಬಿಲ್ಲು ಹೇಳಿದ. ಮಾಳಿಂಗರಾಯನಿಗೆ ನಿಂತ ನೆಲ ಸರಿದ ಹಾಗಾಯಿತು.

"ಇದು ಎರಡು ಪಟ್ಟು ಆತಲ್ರಿ!"

"ಹೆಂಗ? ಒಂದು ಟೈರಿಗೆ ಕಾಕಾ ಕೈ ಕೊಟ್ಟಾರ, ಅಂಥಾವು ನಾಕು."

"ಒಂದಕ್ಕ?" ಈರಪ್ಪ ಕಾಕಾನ ಪಟಗಾ ಜಾರಿತು. "ನಾ ಹಿಡಿದಿದ್ದು ಜೋಡಿಗೋ ಅಫ್ಸರ! ಸಂತ್ಯಾಗ ಒಂಟಿ ಎತ್ತಿಗೆ ದರಾ ಕಟ್ಟಿದ್ದು ಎಲ್ಲ್ಯರೆ ಕೇಳಿಯೇನು?"

"ಟೈರನ್ನ ಜೋಡಿಲೆ ಮಾರಿದ್ದು ನೀವೆಲ್ಲ್ಯರೆ ಕೇಳೀರೇನ್ರಿ ಕಾಕಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರದೂ ತಪ್ಪಿಲ್ಲ. ತಪ್ಪಿಲ್ಲದ ಇಬ್ಬರ ನಡುವೆ ಸಿಕ್ಕವನ ಪಾಡು ಮಾತ್ರ ಯಾರಿಗೂ ಬೇಡ.

"ಹಂಗಾರ ಬಿಚ್ಚರಿ. ಸಾದಾನ ಹಾಕ್ರಿ," ಎಂದ ಮಾಳಿಂಗರಾಯ, ಸತ್ತ ದನಿಯಲ್ಲಿ.

ಕಾಕಾ ಕೆಂಡವಾದ. "ಏನಂದಿ? ಲಿಂಬಿಹಣ್ಣು ಒಡದೈತಿ. ನಾ ಕೈ ಕೊಟ್ಟೇನಿ. ಈರಪ್ಪನ ಕೈಮಾತು ತಿರುಗಿದ್ದು ಯಾ ಸಂತ್ಯಾಗೂ ಇಲ್ಲ! ರೊಕ್ಕ ಇವತ್ತು ಹೋಗತೈತಿ ನಾಳೆ ಬರತೈತಿ. ಮಾನ ಬರತೈತೇನು?"

ಮಾನ ಕಾಕಾನದು, ರೊಕ್ಕ ಮಾಳಿಂಗರಾಯನದು. ಫೋನಿನಿಂದ ಹಣ ಕಳಿಸಿದ. ಗೋಡೆಯ ಮೇಲಿನ ಡಬ್ಬಿ ಅಷ್ಟೂ ಮೊತ್ತವನ್ನು ಹೆಣ್ಣುದನಿಯಲ್ಲಿ ಒದರಿತು. ಜಯಶ್ರೀಗೆ ಕುಬಸಕ್ಕೆಂದು ಇಳಕಲ್ ಸೀರೆ ತರಲು ತೆಗೆದಿಟ್ಟ ಹಣ ಅದೇ ದನಿಯ ಜೊತೆ ಗಾಳಿಗೆ ಹೋಯಿತು.

ಶಿರೂರಿಗೆ ತಿರುಗಿ ಬರುವಾಗ ರಸ್ತೆಯ ಮೊದಲನೇ ಉಬ್ಬಿಗೇ ಈರಪ್ಪ ಕಾಕಾನ ತಲೆ ಕಾರಿನ ಚಾವಣಿಗೆ ಬಡಿಯಿತು. ಪಟಗಾ ಇದ್ದದ್ದು ಪುಣ್ಯ.

"ಹೋರಿ ಕುಣ್ಯಾಕತ್ತೇತಿ," ಎಂದು ಸೊಂಟ ಹಿಡಿದುಕೊಂಡ. ಆಮೇಲೆ ಮನೆ ಬರುವವರೆಗೂ ಮಾತಾಡಲಿಲ್ಲ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಶಿರೂರು ಅದುವರೆಗೆ ಕಂಡಿರಲಿಲ್ಲ.

ಜಯಶ್ರೀ ಹಸಿರು ಸೀರೆ ಉಟ್ಟು, ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಹೊಸ ಟೈರುಗಳನ್ನು ನೋಡಿದಳು.

"ಇವು ಮೆತ್ತಗಿನಾವೇನ್ರಿ?"

"ಮೆತ್ತಗಿನಾವಕ್ಕಿಂತ ಚೊಲೊ. ನೆಲಾ ಹಿಡೀತಾವ. ನಿನ್ನ ಸಲುವಾಗೇ ಹಾಕಿಸೇನಿ ನೋಡು."

ಅವಳು ಒಮ್ಮೆ ಟೈರಿನ ಕಡೆ, ಇನ್ನೊಮ್ಮೆ ಗಂಡನ ಕಡೆ ನೋಡಿ ಹತ್ತಿ ಕೂತಳು.

ಗುಳೇದಗುಡ್ಡದ ದಾರಿ ಹಿಡಿದ ಮೇಲೆ ರಸ್ತೆಯ ಒಂದೊಂದು ಕಲ್ಲೂ ತನ್ನ ಹೆಸರು ಹೇಳಿಕೊಂಡು ಒಳಗೆ ಬಂತು. ಜಯಶ್ರೀ ಒಂದು ಕೈಯಿಂದ ಹೊಟ್ಟೆ, ಇನ್ನೊಂದರಿಂದ ಮೇಲಿನ ಹಿಡಿಕೆ ಹಿಡಿದಿದ್ದಳು. ಮಾಳಿಂಗರಾಯ ಉಬ್ಬು ಕಂಡಲ್ಲೆಲ್ಲ ಸಾವಕಾಶ ಮಾಡಿದ, ನಿಜ. ಆದರೆ ನಡುವೆ ಒಂದು ಒಳ್ಳೆಯ ತಿರುವು ಬಂತು. ಹೊಸ ಟೈರು, ಖಾಲಿ ರಸ್ತೆ. ಬಲಗಾಲಿಗೆ ಬುದ್ಧಿ ಇದ್ದರಲ್ಲವೇ? ಕಾರು ತಿರುವನ್ನು ಹಿಡಿದುಕೊಂಡೇ ಹಾರಿತು. ಹಾರಿದ ಆಚೆಗೆ ರಸ್ತೆಯ ತುಂಬ ಕುರಿಗಳು!

ಮಾಳಿಂಗರಾಯ ಬ್ರೇಕಿನ ಮೇಲೆ ನಿಂತೇಬಿಟ್ಟ. ಕಾರು ಮೊಳೆ ಹೊಡೆದ ಹಾಗೆ ನಿಂತಿತು. ಹಿಂದಿನ ಸೀಟಿನ ಬುತ್ತಿಯ ಗಂಟು ಮುಂದೆ ಹಾರಿ ಬಂದು ಬಿಚ್ಚಿ, ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಗಾಜಿಗೆಲ್ಲ ಬಡಿಯಿತು. ಮುಂದಿನ ಕುರಿಮರಿ ಒಂದು ಮೊಳ ದೂರದಲ್ಲಿ ನಿಂತು "ಬ್ಯಾ" ಎಂದಿತು. ಜಯಶ್ರೀಯ ಮುಖ ಬಿಳುಚಿಕೊಂಡಿತ್ತು.

"ನೋಡಿದೀ? ನೋಡಿದೀ?" ಮಾಳಿಂಗರಾಯ ಗೆದ್ದವನ ಹಾಗೆ ಕೂಗಿದ. "ಹಳೀ ಗಾಲಿ ಇದ್ರ ಮರಿ ಹೋಗ್ತಿತ್ತು!"

ಕುರಿ ಕಾಯುವವನು ಕಿಟಕಿಗೆ ಬಂದು ಬಗ್ಗಿದ. "ಸಾವಕಾಶ ಬಂದಿದ್ರ ಯಾ ಗಾಲಿ ಆದ್ರೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮರಿಯನ್ನು ಎತ್ತಿಕೊಂಡು ಹೋದ.

ಗುಳೇದಗುಡ್ಡದಲ್ಲಿ ಜಯಶ್ರೀ ಕಾರು ನಿಲ್ಲಿಸಲು ಹೇಳಿದಳು. ಇಳಿದು ನೆರಳಿಗೆ ನಿಂತಳು, ನೀರು ಕುಡಿದಳು. ಸ್ವಲ್ಪ ದೂರ ಹೋಗಿ ಫೋನಿನಲ್ಲಿ ತಾಯಿಯ ಜೊತೆ ಮಾತಾಡಿದಳು. ವಾಪಸು ಬಂದಾಗ ಮುಖದಲ್ಲಿ ಸಮಾಧಾನ ಇತ್ತು. ಮಾಳಿಂಗರಾಯನಿಗೆ ಜೀವ ಬಂದ ಹಾಗಾಯಿತು.

ಬಾದಾಮಿಯ ಮನೆಯಲ್ಲಿ ಹೆಂಗಸರು ತುಂಬಿದ್ದರು. ಅತ್ತೆ ಸಾವಂತ್ರವ್ವ ಮಗಳ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ಮಣೆಯ ಮೇಲೆ ಕೂರಿಸಿ ಹಸಿರು ಬಳೆ ತೊಡಿಸಿದರು, ಗುಳೇದಗುಡ್ಡದ ಖಣ ಕೊಟ್ಟು ಉಡಿ ತುಂಬಿದರು, ಹಾಡಿದರು. ಹಾಡು ಮುಗಿಯಿತೋ ಇಲ್ಲವೋ, ಮೂಲೆಯಿಂದ ಒಬ್ಬ ಮುದುಕಿ, ದೂರದ ಸಂಬಂಧಿ ದುರಗವ್ವ, ದನಿ ಎತ್ತಿದಳು.

"ಅಳಿಯಾರು ಏನ ತಂದಾರ?"

ಇಪ್ಪತ್ತು ಜೊತೆ ಕಣ್ಣು ಮಾಳಿಂಗರಾಯನ ಖಾಲಿ ಕೈ ನೋಡಿದವು. ಈರಪ್ಪ ಕಾಕಾನ ಟವೆಲ್ಲಿನ ಕತೆಯನ್ನು ಈ ಸಭೆಯಲ್ಲಿ ಹೇಳುವುದುಂಟೇ?

"ಗಾಲಿ ತಂದೇನ್ರಿ," ಎಂದುಬಿಟ್ಟ.

"ಏನೂ?"

"ಗಾಲ್ರಿ. ಕಾರಿಗೆ ನಾಕು ಹೊಸಾ ಗಾಲಿ. ಎಲ್ಲಾ ಜಯಶ್ರೀ ಸಲುವಾಗೇ. ಸೀರಿ ಏನು, ಯಾವಾಗರೆ ತರಬಹುದು. ಬ್ಯಾನಿ ಬಂದಾಗ ದವಾಖಾನಿಗೆ ಮುಟ್ಟಸೂದು ಸೀರಿ ಅಲ್ಲ, ಗಾಲಿ! ಮಳಿ ಇರ್ಲಿ, ರಾಡಿ ಇರ್ಲಿ, ಇವು ನೆಲಾ ಬಿಡಂಗಿಲ್ಲ. ಇಂಥಾವು ಬಾದಾಮಿಯೊಳಗ ಯಾರ ಕಾರಿಗೂ ಇಲ್ಲ."

ಹೇಳುತ್ತ ಹೇಳುತ್ತ ಅವನಿಗೇ ನಂಬಿಕೆ ಬಂತು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ದುರಗವ್ವ ಕೂಡ "ಹೇಣ್ತಿ ಮ್ಯಾಲ ಎಷ್ಟು ಜೀವ ನೋಡವಾ!" ಎಂದಳು. ಮಾಳಿಂಗರಾಯ ಗೆದ್ದೆ ಎಂದುಕೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಊಟ ಆಯಿತು. ಹೊತ್ತು ಮುಳುಗಿತ್ತು. ಹೊರಡುವ ಮೊದಲು ಸಾವಂತ್ರವ್ವ ಕೈ ಚಾಚಿದಳು.

"ಅಳಿಯಾರ, ಕಾರಿನ ಕೀಲಿ ಕೊಡ್ರಿ ಇಲ್ಲೆ."

ಆರತಿ ಮಾಡಲು ಇರಬೇಕು ಎಂದು ಕೊಟ್ಟ. ಅವಳು ಕೀಲಿಯನ್ನು ಎಲೆ ಅಡಿಕೆಯ ಚಂಚಿಯಲ್ಲಿ ಹಾಕಿ, ದಾರ ಎಳೆದು, ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕಾರ್ ಇಲ್ಲೇ ಇರ್ಲಿ. ಉಡಿ ತುಂಬಿದಾಗ ಕೊಟ್ಟಿದ್ದು ಮಗಳ ಕೂಡ ಇರಬೇಕು. ಕೊಟ್ಟಾವ್ರ ಮನಿಗೆ ತಿರುಗಿ ಹೋಗಬಾರದು. ನೀವ ಹೇಳಿದ್ರೆಲ್ಲ, ಆಕಿ ಸಲುವಾಗ ಅಂತ. ಬಾಣಂತನ ಮುಗೀಲಿ, ಒಯ್ಯವಂತ್ರಿ."

ಮಾಳಿಂಗರಾಯನಿಗೆ ಗರ ಬಡಿಯಿತು.

"ಅತ್ತಿ... ಗಾಲಿ ಅಷ್ಟ ಕೊಟ್ಟೇನ್ರಿ, ಕಾರಲ್ಲ..."

"ಗಾಲಿ ಬಿಚ್ಚಿ ಇಟ್ಟು ಹೋಗ್ತೀರೇನು ಹಂಗಾರ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಓಡಸಾವ್ರು ಯಾರ್ರಿ?" ಎಂದು ಕೊನೆಯ ಕಡ್ಡಿಯನ್ನು ಹಿಡಿದ.

"ನಮ್ಮ ಅಮಸಿದ್ದ ಇಲ್ಲೇನು? ಟೆಂಪೊ ಓಡಸಾವಗ ಇದ್ಯಾವ ಲೆಕ್ಕ?"

ಈರುಳ್ಳಿ ಟೆಂಪೊದ ಕಾಲು ತನ್ನ ಕೆಂಪು ಕಾರಿನ ಕ್ಲಚ್ಚಿನ ಮೇಲೆ ಕೂರುವುದನ್ನು ನೆನೆದು ಮಾಳಿಂಗರಾಯ ಕಣ್ಣು ಮುಚ್ಚಿಕೊಂಡ. ತೆಗೆದು ಜಯಶ್ರೀಯನ್ನು ನೋಡಿದ. ಅವಳು ತಲೆ ತಗ್ಗಿಸಿ ಹಸಿರು ಬಳೆಗಳನ್ನು ಸರಿಮಾಡಿಕೊಳ್ಳುತ್ತಿದ್ದಳು.

ಅಮಸಿದ್ದಪ್ಪ ಅವನನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. "ಕಾಳಜಿ ಮಾಡಬ್ಯಾಡ್ರಿ ಮಾಮಾ, ಕಾರಿಗೆ ದಿನಾ ನೀರು ಹಾಕ್ತೇನಿ," ಎಂದ, ಎಮ್ಮೆಯ ವಿಷಯ ಮಾತಾಡಿದ ಹಾಗೆ.

ಬಸ್ಸಿಗೆ ಕಾಯುತ್ತ ನಿಂತಾಗ ಫೋನು ಬಂತು. ಜಯಶ್ರೀ.

"ಬಸ್ಸು ಸಿಕ್ತೇನ್ರಿ?"

"ನಿಮ್ಮವ್ವ ಹಿಂಗ ಮಾಡಬಾರದಿತ್ತು," ಎಂದ. "ದಿನಾ ಸಂಜಿಗೆ ನಿನ್ನ ನೋಡಾಕ ಬರಬೇಕಂತ ಮಾಡಿದ್ದೆ. ಅದಕ್ಕಂತನ ಗಾಲಿ ಹಾಕಿಸಿದ್ದೆ. ಇನ್ನ ಹೆಂಗ ಬರ್ಲಿ?"



"ಅವ್ವ ಮಾಡಿದ್ದಲ್ರಿ ಅದು. ಗುಳೇದಗುಡ್ಡದಾಗ ಇಳಿದಾಗ ನಾನ ಫೋನ್ ಮಾಡಿ ಹೇಳಿದೆ, ಹೆಂಗರೆ ಮಾಡಿ ಕೀಲಿ ಇಸ್ಕೋ ಅಂತ."

"ನೀನಾ?"

"ಮತ್ತೇನ್ರಿ? ಆ ಕುರಿ ಮುಂದ ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ಆ ಗಾಲಿ ಮ್ಯಾಲ ದಿನಾ ಸಂಜಿಮುಂದ ನೀವು ಹಾರಿಸಿಕೊಂಡು ಬರೂದು, ನಾ ಇಲ್ಲಿ ಹೊಟ್ಟಿ ಹಿಡಕೊಂಡು ದಾರಿ ಕಾಯೂದು, ಅದು ನನ್ನ ಕೈಲೆ ಆಗಂಗಿಲ್ಲ. ಬಸ್ಸಿಗೆ ಬರ್ರಿ. ತಡಾ ಆದ್ರೂ ಅಡ್ಡಿಯಿಲ್ಲ."

ಮಾಳಿಂಗರಾಯನಿಗೆ ಸಿಟ್ಟು ಬರಬೇಕಾಗಿತ್ತು, ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡು, ಇದ್ದ ಒಂದು ಸಮಾಧಾನವನ್ನು ಹಿಡಿದುಕೊಂಡ.

"ಆತು ಬಿಡ. ನಿನಗ ಬ್ಯಾನಿ ಬಂದಾಗ ಕಾರರೆ ಮನಿ ಮುಂದ ಇರತೈತೆಲ್ಲ. ಅಷ್ಟ ಸಾಕು."

"ಅಯ್ಯ, ಆ ಕಾರಿನ್ಯಾಗ ನಾ ಇನ್ನ ಕಾಲಿಡಂಗಿಲ್ರಿ," ಎಂದಳು ಜಯಶ್ರೀ. "ದವಾಖಾನಿಗೆ ಹೋಗಾಕ ಬಾಜೂಮನಿ ಗೌಸಿಯಾನ ಗಂಡಗ ಹೇಳಿಟ್ಟೇನಿ. ಅವರ ವ್ಯಾನಿನ ಗಾಲಿ ಭಾಳ ಮೆತ್ತಗದಾವ."

ಬಸ್ಸು ಬಂತು. ಮಾಳಿಂಗರಾಯ ಫೋನನ್ನು ಕಿವಿಗೆ ಹಿಡಿದುಕೊಂಡೇ ಹತ್ತಿದ. ಖಾಲಿ ಇದ್ದದ್ದು ಒಂದೇ ಸೀಟು, ಹಿಂದಿನ ಗಾಲಿಯ ಮೇಲಿನದು.